ಕಟ್ ಗೆರೆಯ ಆಚೆ ಈಚೆ



ಗಾಲ್ಫ್ ಎಂದೊಡನೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ಟೀವಿಯಲ್ಲಿ ಕಾಣುವ ಅಮೆರಿಕದ ಮೈದಾನಗಳು, ಅಲ್ಲಿನ ಕೋಟ್ಯಂತರ ಡಾಲರಿನ ಬಹುಮಾನಗಳು. ನಾನು ಇವತ್ತು ಹೇಳುವುದು ನಮ್ಮ ದೇಶದಲ್ಲೇ ನಡೆಯುವ ಟೂರ್ ಬಗ್ಗೆ. ಪ್ರೊಫೆಷನಲ್ ಗಾಲ್ಫ್ ಟೂರ್ ಆಫ್ ಇಂಡಿಯಾ, ಚಿಕ್ಕದಾಗಿ ಪಿಜಿಟಿಐ. 2006ರಲ್ಲಿ ಹುಟ್ಟಿದ್ದು. ವರ್ಷದ ಆರಂಭದಲ್ಲಿ ಕ್ಯೂ ಸ್ಕೂಲ್ ಎಂಬ ಅರ್ಹತಾ ಪಂದ್ಯ. ಅಲ್ಲಿ ಗೆದ್ದು ಬಂದವರಿಗೆ, ಹಿಂದಿನ ವರ್ಷ ಚೆನ್ನಾಗಿ ಆಡಿದವರಿಗೆ ಡಿಸೆಂಬರಿನ ತನಕ ಊರೂರು ಸುತ್ತಾಟ. ಚಂಡೀಗಢ, ಜೈಪುರ, ಪುಣೆ, ಹೈದರಾಬಾದ್, ಕೋಲ್ಕತ್ತ, ಅಸ್ಸಾಮಿನ ದಿಗ್ಬೋಯ್, ನಮ್ಮ ಬೆಂಗಳೂರು.

ಈ ಸುತ್ತಾಟವೇ ಆಟದ ಅರ್ಧ ಕಷ್ಟ. ಕ್ರಿಕೆಟ್ಟಿನಲ್ಲಿ ಪಿಚ್ಚಿನ ಗುಣ ಏನೇ ಇರಲಿ, ಅದರ ಉದ್ದ ಎಲ್ಲಿ ಹೋದರೂ 22 ಗಜ. ಗಾಲ್ಫಿನಲ್ಲಿ ಅಷ್ಟೂ ಖಾತ್ರಿಯಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಗಾಳಿ ತೆಳು, ಚೆಂಡು ನಾಲ್ಕು ಹೆಜ್ಜೆ ಮುಂದೆಯೇ ಹೋಗಿ ಬೀಳುತ್ತದೆ. ಅದೇ ಹೊಡೆತವನ್ನು ಕೋಲ್ಕತ್ತದಲ್ಲಿ ಹೊಡೆದರೆ ಗುರಿಗೆ ಮೊದಲೇ ನಿಲ್ಲುತ್ತದೆ. 1829ರಲ್ಲಿ ಸ್ಥಾಪನೆಯಾದ ಅಲ್ಲಿನ ರಾಯಲ್ ಕಲ್ಕತ್ತ ಕ್ಲಬ್ಬಿನಲ್ಲಿ ಕಾಲಿಟ್ಟಲ್ಲೆಲ್ಲ ಕೆರೆಕೊಳಗಳು; ಹಾಗೆ ಗಿಡ್ಡವಾದ ಹೊಡೆತ ನೀರಿಗೇ ಹೋದೀತು. ಚಳಿಗಾಲದ ಉತ್ತರ ಭಾರತದಲ್ಲಿ ಮಂಜು ಸರಿಯುವವರೆಗೆ ಆಟವೇ ತಡ. ಕೈಗೆ ಕೂತ ಲೆಕ್ಕವನ್ನು ಪ್ರತಿ ವಾರ ಬಿಚ್ಚಿ ಮತ್ತೆ ಕಟ್ಟಬೇಕು, ಅದೂ ಒಂದೆರಡು ದಿನದ ಅಭ್ಯಾಸದಲ್ಲಿ. ಇಷ್ಟೆಲ್ಲಕ್ಕೂ ಚೀಲದಲ್ಲಿ ಇಟ್ಟುಕೊಳ್ಳಬಹುದಾದ ಕ್ಲಬ್‌ಗಳು, ಅಂದರೆ ಹೊಡೆಯುವ ಕೋಲುಗಳು, 14 ಮಾತ್ರ.

ಗ್ರೀನ್, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ ಬಂದಮೇಲೆ ಇನ್ನೂ ಸೂಕ್ಷ್ಮ. ನಮ್ಮ ಕಡೆಯ ಬರ್ಮುಡಾ ಹುಲ್ಲು ಒಂದು ದಿಕ್ಕಿಗೆ ವಾಲಿ ಬೆಳೆಯುತ್ತದೆ. ವಾಲಿದ ಕಡೆಗೆ ಪಟ್ ಮಾಡಿದರೆ, ಅಂದರೆ ಮೆಲ್ಲಗೆ ತಟ್ಟಿ ಉರುಳಿಸಿದರೆ, ಚೆಂಡು ಓಡುತ್ತದೆ, ಎದುರಿಗೆ ಮಾಡಿದರೆ ಎಳೆದು ನಿಲ್ಲಿಸಿದ ಹಾಗೆ ನಿಲ್ಲುತ್ತದೆ. ಬೆಳಗ್ಗೆ ಇಬ್ಬನಿ ಇದ್ದಾಗ ನಿಧಾನ, ಬಿಸಿಲೇರಿದ ಮೇಲೆ ಚುರುಕು. ಆಟಗಾರ ಕುಕ್ಕರಗಾಲಲ್ಲಿ ಕೂತು ನೋಡುತ್ತಾನೆ, ಚೀಲ ಹೊರುವ ಕ್ಯಾಡಿ ಹಿಂದೆ ನಿಂತು ಎರಡೇ ಮಾತು ಹೇಳುತ್ತಾನೆ.

ನನ್ನನ್ನು ಈ ಟೂರ್ ಹಿಡಿದಿಟ್ಟಿರುವುದು ಕಟ್‌ನಿಂದಾಗಿ. ನಾಲ್ಕು ದಿನದ ಪಂದ್ಯದಲ್ಲಿ ಎರಡು ದಿನ, ಅಂದರೆ 36 ಹೋಲ್ ಮುಗಿದ ಮೇಲೆ ಸಾಮಾನ್ಯವಾಗಿ ಮೊದಲ ಐವತ್ತು ಮಂದಿ, ಐವತ್ತನೆಯವನಿಗೆ ಸಮನಾಗಿರುವವರು, ಇಷ್ಟೇ ಜನ ಉಳಿಯುತ್ತಾರೆ. ಒಂದು ಕೋಟಿ ರೂಪಾಯಿಯ ಪಂದ್ಯ ಗೆದ್ದವನಿಗೆ 15 ಲಕ್ಷ. ಕಟ್ ತಪ್ಪಿದವನಿಗೆ ಒಂದು ರೂಪಾಯಿಯೂ ಇಲ್ಲ. ಪ್ರಯಾಣ, ಕೋಣೆ, ಕ್ಯಾಡಿಯ ಸಂಬಳ ತಲೆಯ ಮೇಲೆ. ಎರಡನೆಯ ದಿನ ಹದಿನೆಂಟನೇ ಗ್ರೀನಿನಲ್ಲಿ, ಕಟ್ ಗೆರೆಯ ಮೇಲಿರುವ ಒಬ್ಬನಿಗೆ ಐದು ಅಡಿಯ ಇಳಿಜಾರು ಪಟ್ ಉಳಿದಿದೆ ಅನ್ನಿ. ಜೋರಾಗಿ ತಟ್ಟಿದರೆ ಕುಳಿ ದಾಟಿ ಕೆಳಗೆ ಹೋಗುತ್ತದೆ. ಅಳುಕಿ ತಟ್ಟಿದರೆ ಅಂಚಿನಲ್ಲಿ ಬಾಗಿಬಿಡುತ್ತದೆ. ಪ್ರಶಸ್ತಿ ಗೆಲ್ಲುವ ಪಟ್‌ಗಿಂತ ಇದು ಕಷ್ಟದ್ದು ಎಂದೇ ನನ್ನ ಅಭಿಪ್ರಾಯ. ಅಷ್ಟು ಒತ್ತಡದಲ್ಲೂ, ತನ್ನ ಕೈತಪ್ಪಿನಿಂದ ಹುಲ್ಲಿನ ನಡುವೆ ಚೆಂಡು ಕದಲಿದ್ದು ಬೇರೆ ಯಾರಿಗೂ ಕಾಣದಿದ್ದರೆ, ದಂಡದ ಹೊಡೆತವನ್ನು ಅವನೇ ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಸೇರಿಸಿಕೊಳ್ಳುತ್ತಾರೆ. ಆಟಗಾರರು ಕೈಯಾರೆ ಪರಸ್ಪರರ ಸ್ಕೋರ್ ಕಾರ್ಡ್ ಬರೆಯುವ ಆಟ ಇದು.

ಇವರೆಲ್ಲ ಶ್ರೀಮಂತರ ಮಕ್ಕಳೆಂದುಕೊಳ್ಳಬೇಡಿ. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಬೇರೆಯವರ ಚೀಲ ಹೊತ್ತಿದ್ದ ಸಿ. ಮುನಿಯಪ್ಪ 2009ರ ಇಂಡಿಯನ್ ಓಪನ್ನನ್ನು, ಸಮಬಲ ಮುರಿಯುವ ಪ್ಲೇಆಫ್‌ನಲ್ಲಿ ಗೆದ್ದರು. ಬಿಡದಿಯ ಈಗಲ್‌ಟನ್ ಗಾಲ್ಫ್ ಮೈದಾನದ ಪಕ್ಕದ ಹಳ್ಳಿಯ ಚಿಕ್ಕರಂಗಪ್ಪ, ಚೆಂಡು ಹೆಕ್ಕುವ ಹುಡುಗನಾಗಿ ಆ ಮೈದಾನಕ್ಕೆ ಬಂದವರು, ಕೋಚ್ ವಿಜಯ್ ದಿವೇಚ ಅವರ ಗರಡಿಯಲ್ಲಿ ಬೆಳೆದು ಏಷ್ಯನ್ ಟೂರ್‌ವರೆಗೆ ಹೋದರು. ಮಧ್ಯಪ್ರದೇಶದ ಮಹೂವಿನ ಮುಕೇಶ್ ಕುಮಾರ್ ಅವರ ಹೆಸರು ನೆನಪಿಡಿ. ದೇಶದೊಳಗೆ ನೂರಕ್ಕೂ ಹೆಚ್ಚು ಪ್ರಶಸ್ತಿ ಗೆದ್ದವರು, 2016ರಲ್ಲಿ ದೆಹಲಿಯಲ್ಲಿ ತಮ್ಮ ಮೊದಲ ಏಷ್ಯನ್ ಟೂರ್ ಪಂದ್ಯ ಗೆದ್ದಾಗ ವಯಸ್ಸು 51!

ವರ್ಷದ ಕೊನೆಗೆ ಟೂರ್ ಜಮ್‌ಶೆಡ್‌ಪುರಕ್ಕೆ ಬರುತ್ತದೆ. ಅಲ್ಲಿ ವರ್ಷದ ಬಹುಮಾನ ಗಳಿಕೆಯ ಪಟ್ಟಿ ಮುಚ್ಚುತ್ತದೆ. 2022ರಲ್ಲಿ ಆರು ಪ್ರಶಸ್ತಿ ಗೆದ್ದ ಮನು ಗಂಡಾಸ್ ಆ ಪಟ್ಟಿಯ ತುದಿಯಲ್ಲಿ ನಿಂತು ಯುರೋಪಿನ ಡಿಪಿ ವರ್ಲ್ಡ್ ಟೂರ್‌ಗೆ ಟಿಕೆಟ್ ಪಡೆದರು. ಮರು ವರ್ಷ ಅದೇ ಭಾಗ್ಯ ಓಂ ಪ್ರಕಾಶ್ ಚೌಹಾಣ್ ಅವರದಾಯಿತು. ಪಟ್ಟಿಯ ಕೆಳತುದಿಯವರು ಮಾತ್ರ ಮತ್ತೆ ಕ್ಯೂ ಸ್ಕೂಲಿನ ಸಾಲಿನಲ್ಲಿ ನಿಲ್ಲಬೇಕು.

ಮುಂದಿನ ಸಲ ಟೂರ್ ಬೆಂಗಳೂರಿಗೆ ಬಂದಾಗ, ನೋಡುವ ಅವಕಾಶ ಸಿಕ್ಕರೆ, ಎರಡನೆಯ ದಿನದ ಮಧ್ಯಾಹ್ನ ಹೋಗಿ. ಮುಂಚೂಣಿಯಲ್ಲಿರುವವರ ಹಿಂದೆ ಜನ ಇದ್ದೇ ಇರುತ್ತಾರೆ. ನೀವು ಐವತ್ತರ ಆಸುಪಾಸಿನಲ್ಲಿರುವ ಯಾರನ್ನಾದರೂ ಆರಿಸಿಕೊಂಡು ಕೊನೆಯ ನಾಲ್ಕು ಹೋಲ್ ಅವರ ಜೊತೆ ನಡೆಯಿರಿ.