ಧೂಳಿನಲ್ಲಿ ಸೀಸ ಹುಡುಕುವ ಲೆಕ್ಕ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



"ಸಾಫ್ಟ್‌ವೇರ್ ಅಂದ್ರೆ ಏನು ಮಾಡ್ತೀಯಪ್ಪ?" ಎಂದು ನಮ್ಮ ವಿಜ್ಞಾನದ ಮೇಷ್ಟ್ರು ಬೆಳಿಗ್ಗೆ ಕೇಳಿದರು. ಗಾಳಿಯ ಧೂಳಿನಲ್ಲಿರುವ ಲೋಹ ಅಳೆಯುವ ಪ್ರಯೋಗಾಲಯಕ್ಕೆ ಲೆಕ್ಕದ ಪ್ರೋಗ್ರಾಂ ಬರೆಯುತ್ತೇನೆ ಎಂದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಗಾಳೀಲಿ ಲೋಹವೇ?" ಎಂದು ನಕ್ಕರು. ಇವತ್ತಿನ ಮಾತು ಅವರಿಗಾಗಿ.

ನಮ್ಮ ಯಂತ್ರ ದೊಡ್ಡ ಪೆಟ್ಟಿಗೆಯ ಹಾಗಿರುತ್ತದೆ. ನಿಮಿಷಕ್ಕೆ ಸುಮಾರು 1.1 ಘನ ಮೀಟರ್ ಗಾಳಿ ಎಳೆಯುತ್ತದೆ. 10 ಮೈಕ್ರಾನ್‌ಗಿಂತ ಸಣ್ಣ ಧೂಳು ಬಿಳಿ ಫಿಲ್ಟರ್ ಹಾಳೆಯ ಮೇಲೆ ಕೂರುತ್ತದೆ. ದಿನವಿಡೀ ಓಡಿದರೆ ಸುಮಾರು 1,600 ಘನ ಮೀಟರ್ ಗಾಳಿ. ಆ ಹಾಳೆಯ ಒಂದು ಪಟ್ಟಿ ಕತ್ತರಿಸಿ, ಆಮ್ಲದಲ್ಲಿ ಕಾಯಿಸಿ, ಸೋಸಿದ ದ್ರಾವಣವನ್ನು ಯಂತ್ರಕ್ಕೆ ಕೊಡುತ್ತಾರೆ. ಬಳಸದ ಹಾಳೆಯೊಂದಕ್ಕೂ ಇದೇ ಉಪಚಾರ, ಏಕೆಂದರೆ ಹಾಳೆಯಲ್ಲಿ, ಆಮ್ಲದಲ್ಲಿ ಮೊದಲೇ ಇದ್ದ ಲೋಹವನ್ನು ಕಳೆಯಬೇಕು.

ಎಷ್ಟು ಸಣ್ಣ ಲೆಕ್ಕ ನೋಡಿ. ಆರ್ಸೆನಿಕ್‌ಗೆ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 6 ನ್ಯಾನೋಗ್ರಾಂ. ಆ ಮಟ್ಟದಲ್ಲಿದ್ದರೆ ಇಡೀ ದಿನದ ಹಾಳೆಯಲ್ಲಿ ಸಿಗುವುದು 10 ಮೈಕ್ರೋಗ್ರಾಂಗೂ ಕಡಿಮೆ. ಇನ್ನೊಂದು ತಮಾಷೆ: ಯಂತ್ರದ ಆರ್ಗಾನ್ 40, ಆಮ್ಲದ ಕ್ಲೋರಿನ್ 35. ಎರಡೂ ಅಂಟಿಕೊಂಡರೆ 75, ಆರ್ಸೆನಿಕ್‌ನ ತೂಕವೂ 75! ಯಂತ್ರ ಮೋಸಹೋಗುತ್ತದೆ. ಆವರ್ತ ಕೋಷ್ಟಕ ಬಾಯಿಪಾಠ ಮಾಡಿಸಿದ ಮೇಷ್ಟ್ರನ್ನು ಆಗ ನೆನೆದೆ.

ಆದರೆ ನಾನೇ ಮೋಸಹೋದದ್ದು ಇಷ್ಟು ಸೂಕ್ಷ್ಮವಾದ ಕಡೆಯಲ್ಲ. ಹಳೆ ಬ್ಯಾಟರಿ ಕರಗಿಸುವ ಶೆಡ್ಡೊಂದರ ಹತ್ತಿರ, ಮನೆಗಳ ನಡುವೆ ಯಂತ್ರ ಇಟ್ಟಿದ್ದರು. ಸೀಸಕ್ಕೆ 24 ಗಂಟೆಯ ಮಿತಿ ಘನ ಮೀಟರಿಗೆ 1 ಮೈಕ್ರೋಗ್ರಾಂ. ನನ್ನ ಪ್ರೋಗ್ರಾಂ 0.8 ಎಂದಿತು. ವರದಿ ಸಿದ್ಧವಾಯಿತು. ಯಂತ್ರ ನೋಡಿಕೊಳ್ಳುವ ಸಹಾಯಕ, ಎಸ್ಸೆಸ್ಸೆಲ್ಸಿ ಓದಿದವರು, ತಮ್ಮ ನೋಟ್‌ಬುಕ್ ತಂದು ಮುಂದಿಟ್ಟರು: "ಸಾರ್, ಆವತ್ತು ಕರೆಂಟೇ ಇರಲಿಲ್ಲವಲ್ಲ." ಪೆನ್ಸಿಲ್‌ನಲ್ಲಿ ಬರೆದಿದ್ದರು, ಮೀಟರಿನಲ್ಲಿ 16 ಗಂಟೆ. ನಾನು ಎಲ್ಲ ದಿನಕ್ಕೂ 24 ಎಂದೇ ಭಾಗಿಸಿದ್ದೆ. ಓಡಿದ ಗಂಟೆಗೆ ಲೆಕ್ಕ ಹಾಕಿದರೆ 1.2. ಮಿತಿಯೊಳಗಿದ್ದದ್ದು ಮಿತಿ ದಾಟಿತು. ಆ ರಾತ್ರಿ ಕೂತು ಹಿಂದಿನ ಎಲ್ಲ ದಿನಗಳ ಲೆಕ್ಕ ಮತ್ತೆ ಮಾಡಿದೆವು. ಕರೆಂಟ್ ಹೋದ ದಿನಗಳೆಲ್ಲ ಕಡಿಮೆಯಾಗಿಯೇ ಬಂದಿದ್ದವು. ನಾಚಿಕೆಯಾಯಿತು. ಆ ಶೆಡ್ಡಿನ ಪಕ್ಕದಲ್ಲೇ ಮಕ್ಕಳು ಆಡುತ್ತಿದ್ದರು, ಸೀಸ ಹೆಚ್ಚು ಕೆಡಿಸುವುದು ಬೆಳೆಯುವ ಮಕ್ಕಳ ಮೆದುಳನ್ನೇ.

ಪೆಟ್ರೋಲಿನಲ್ಲಿ ಸೀಸ ಬೆರೆಸುವುದು 2000ದಲ್ಲೇ ದೇಶದಲ್ಲಿ ನಿಂತಿತು, ನಾನು ಈ ಶಾಲೆ ಸೇರುವ ಮುಂಚೆ. ಬ್ಯಾಟರಿಯ ಸೀಸ ಉಳಿದಿದೆ. ಅದು 327 ಡಿಗ್ರಿಗೇ ಕರಗುತ್ತದೆ, ಇದ್ದಿಲ ಒಲೆ ಸಾಕು. ನಮ್ಮ ಟ್ರ್ಯಾಕ್ಟರಿನ, ಯುಪಿಎಸ್‌ನ ಹಳೆ ಬ್ಯಾಟರಿಯನ್ನು ಗುಜರಿಯವರಿಗೆ ಕೊಟ್ಟ ಮೇಲೆ ಅದು ಎಲ್ಲಿಗೆ ಹೋಗುತ್ತದೆಂದು ನಾವು ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಹೊಸದು ಕೊಳ್ಳುವಾಗ ಹಳೆಯದನ್ನು ಅದೇ ಅಂಗಡಿಗೆ ವಾಪಸು ಕೊಟ್ಟು ರಸೀದಿಯಲ್ಲಿ ಬರೆಸಿಕೊಳ್ಳಿ.

ಎರಡು ಫಿಲ್ಟರ್ ಹಾಳೆ ತಂದಿದ್ದೇನೆ, ಒಂದು ಬಿಳಿ, ಒಂದು ರಸ್ತೆ ಬದಿಯಲ್ಲಿ 24 ಗಂಟೆ ಇದ್ದದ್ದು. ಒಂಬತ್ತನೇ ತರಗತಿಯ ಕೋಣೆಯಲ್ಲಿ ಗಾಜಿನ ಕೆಳಗಿಟ್ಟಿದ್ದೇನೆ. ಊಟವಾದ ಮೇಲೆ ಬಂದು ನೋಡಿ.