ಪಟ್ಟಿ ಜೊತೆ ಎರಡು ತಾಸೂ ಕೊಡ್ರಿ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟ ವಿಷಯ 'ನೌಕರಿ ಮಾಡುವ ಯುವಕರು ಮತ್ತು ಸಮಾಜಸೇವೆ'. ನಾನಿನ್ನೂ ಬಿ.ಎ. ಓದುವಾಕಿ. ನೌಕರಿ ಇಲ್ಲ, ಪಗಾರ ಇಲ್ಲ. "ನಮಗ ಹೇಳಾಕ ನಿನಗೇನು ಹಕ್ಕು ಐತಿ?" ಅಂತ ನೀವು ಕೇಳಬಹುದು. ನಿಮ್ಮಂಥವರು ಕೊಟ್ಟ ತಾಸುಗಳಿಂದ ಮುಂದೆ ಬಂದವರೊಳಗೆ ನಾನೂ ಒಬ್ಬಾಕಿ. ನೀವು ಬರುತ್ತೀರಿ ಅಂತ ಕಾದು ಮನೆಗೆ ತಿರುಗಿ ಹೋದವರೊಳಗೂ ನಾನು ಒಬ್ಬಾಕಿ. ಅದೇ ನನ್ನ ಹಕ್ಕು. ಎರಡನ್ನೂ ಹೇಳತೀನಿ.

ಮೊದಲು ಸೋಲಾಪುರದ ಮಾತು. ಬಾಬಾಸಾಹೇಬರು ಲಂಡನ್ನಿನಿಂದ ಬ್ಯಾರಿಸ್ಟರ್ ಆಗಿ ಬಂದದ್ದು 1923ರಲ್ಲಿ. ಮರುವರ್ಷ, 1924ರ ಜುಲೈ 20ರಂದು, ಮುಂಬಯಿಯಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಸ್ಥಾಪನೆಯಾಯಿತು. ಆ ಸಭಾದ ಮೊದಲ ಕೆಲಸಗಳೊಳಗೊಂದು ನಮ್ಮ ಸೋಲಾಪುರದಲ್ಲೇ ಆಯಿತು. 1925ರ ಜನವರಿ 4ರಂದು, ಹೈಸ್ಕೂಲು ಓದುವ ನಮ್ಮ ಹುಡುಗರಿಗಾಗಿ ವಸತಿಗೃಹ ತೆರೆದರು. ಊಟ, ಬಟ್ಟೆ ಸಭಾದ ಖರ್ಚಿನಲ್ಲಿ. ಅಲ್ಲಿನ ವಿದ್ಯಾರ್ಥಿಗಳು 'ಸರಸ್ವತಿ ವಿಲಾಸ' ಎಂಬ ಮಾಸಿಕವನ್ನೂ ತಂದರು. ಮುಂಬಯಿಯಲ್ಲಿ ಸಭಾ ವಾಚನಾಲಯ ನಡೆಸಿತು, ಹುಡುಗರು ಜೂಜು-ಕುಡಿತದ ಕಡೆ ಹೋಗಬಾರದೆಂದು ಹಾಕಿ ಕ್ಲಬ್ಬನ್ನೂ ನಡೆಸಿತು.

ಆಗ ಬಾಬಾಸಾಹೇಬರ ವಯಸ್ಸು 33. ಹೊಸ ವಕೀಲಿ. ಮನೆ ನಡೆಸಲು ಅದೇ ವರ್ಷ ಬಾಟ್ಲಿಬಾಯ್ ಸಂಸ್ಥೆಯಲ್ಲಿ ವಾಣಿಜ್ಯ ಕಾನೂನಿನ ಪಾಠವನ್ನೂ ಹೇಳತೊಡಗಿದರು. ಅಂದರೆ ಅವರೂ ಆಗ ನಿಮ್ಮ ಹಾಗೆ ಹೊಟ್ಟೆಪಾಡಿಗೆ ದುಡಿಯುವ ಪ್ರಾಯದವರೇ. "ಮೊದಲು ಸ್ವಲ್ಪ ನೆಲೆ ನಿಲ್ಲಲಿ, ಆಮೇಲೆ ನೋಡೋಣ" ಅಂತ ಅವರು ಅಂದಿದ್ದರೆ? ಈ ಮಾತು ನಾವು ದಿನಾ ಕೇಳತೇವಿ. ಹಫ್ತಾ ತೀರಲಿ, ಪ್ಲಾಟ್ ಆಗಲಿ, ತಂಗಿ ಲಗ್ನ ಆಗಲಿ. ಅದರೊಳಗೆ ಸುಳ್ಳೇನೂ ಇಲ್ಲ. ಆದರೆ ಅಷ್ಟರೊಳಗೆ ವಸ್ತಿಯ ಒಂದು ತಲೆಮಾರಿನ ಮಕ್ಕಳು ಶಾಲೆ ಬಿಟ್ಟು ದೊಡ್ಡವರಾಗಿರತಾರೆ.

ಈಗ ನನ್ನ ಮಾತು. ಹತ್ತನೇ ತನಕ ನಾನು ಓದಿದ್ದು ಕನ್ನಡ ಶಾಲೆಯಲ್ಲಿ. ಕಾಲೇಜಿಗೆ ಬಂದ ಮೇಲೆ ಎಲ್ಲ ಕಾಗದ ಮರಾಠಿ, ಇಲ್ಲವೇ ಇಂಗ್ಲಿಷ್. ಶಿಷ್ಯವೃತ್ತಿಯ ಅರ್ಜಿ ಮಹಾಡಿಬಿಟಿಯಲ್ಲಿ ತುಂಬಬೇಕು, ಅದಕ್ಕೆ ಜಾತಿ ದಾಖಲೆ ಬೇಕು. ಜಾತಿ ದಾಖಲೆಗೆ 1950ರ ಆಗಸ್ಟ್ 10ಕ್ಕಿಂತ ಮೊದಲಿನಿಂದ ನಮ್ಮ ಮನೆತನ ಇಲ್ಲೇ ಇತ್ತು ಎನ್ನುವ ಪುರಾವೆ ಬೇಕು. ಅಕ್ಕಲಕೋಟ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿದ್ದು 1948ರಲ್ಲಿ, ಮಹಾರಾಷ್ಟ್ರ ಆದದ್ದು 1960ರಲ್ಲಿ. ರಾಜ್ಯ ಬದಲಾದವು, ನಮ್ಮ ಗುಡಿಸಲು ಅಲ್ಲೇ ಇತ್ತು. ಅದನ್ನ ಕಾಗದದಾಗ ತೋರಿಸೋದು ಹ್ಯಾಂಗ?

ನಮ್ಮ ಮುತ್ಯಾ ಎರಡನೇ ಇಯತ್ತೆ ತನಕ ಕನ್ನಡ ಶಾಲೆಗೆ ಹೋಗಿದ್ದ. ಆ ಹಳೆಯ ರಜಿಸ್ಟರಿನಲ್ಲಿ ಅವನ ಹೆಸರು, ಜಾತಿ, ತಾರೀಖು ಎಲ್ಲ ಇದ್ದವು, ಆದರೆ ಕನ್ನಡದಲ್ಲಿ. ಅಪ್ಪ ಅದರ ನಕಲು ಒಯ್ದರೆ ಕಚೇರಿಯೊಳಗೆ "ಇದನ್ನ ಯಾರು ಓದಬೇಕು?" ಅಂತ ತಿರುಗಿ ಕಳಿಸಿದರು. ಮೂರು ಸಲ ಹೋದ, ಮೂರು ದಿನದ ಕೂಲಿ ಹೋಯಿತು. ನಾಲ್ಕನೇ ಸಲ ಅಪ್ಪ ಎದ್ದೇಳಲಿಲ್ಲ. "ನಮ್ಮ ಹಣೆಬರ ಇಷ್ಟೇ" ಅಂದ.

ಪುಣೆಯ ಕಂಪನಿಯೊಂದರಲ್ಲಿ ದುಡಿಯುವ ನಮ್ಮ ವಸ್ತಿಯ ಅಣ್ಣ ಒಬ್ಬರು ಆಗ ರಜೆಗೆ ಬಂದಿದ್ದರು. ಅವರೇನೂ ದೊಡ್ಡ ಕೆಲಸ ಮಾಡಲಿಲ್ಲ. ಅಪ್ಪನ ಜೊತೆ ಶಾಲೆಗೆ ಹೋಗಿ ಮುಖ್ಯಾಧ್ಯಾಪಕರ ಸಹಿ-ಶಿಕ್ಕಾ ಇರುವ ಉತಾರ ತೆಗೆಸಿದರು, ಅದನ್ನು ಮರಾಠಿಗೆ ಮಾಡಿಸಿದರು, ಪ್ರತಿಜ್ಞಾಪತ್ರ ಬರೆಸಿದರು, ಅರ್ಜಿ ಕೊಟ್ಟು ಪಾವತಿ ತಗೊಂಡರು. ಎಲ್ಲ ಸೇರಿ ಎರಡು ದಿನದ ಕೆಲಸ. ಜಾತಿ ದಾಖಲೆ ಬಂತು. ಆದರೆ ಆ ವರ್ಷದ ಶಿಷ್ಯವೃತ್ತಿಯ ತಾರೀಖು ಮುಗಿದಿತ್ತು. ಅವ್ವ ಕಿವಿಯ ಬೆಂಡೋಲೆ ಒತ್ತಿ ಇಟ್ಟು ಫೀ ತುಂಬಿದಳು. ಆ ಅಣ್ಣ ಎರಡು ತಿಂಗಳು ಮೊದಲೇ ಬಂದಿದ್ದರೆ ಬೆಂಡೋಲೆ ಅವ್ವನ ಕಿವಿಯೊಳಗೇ ಇರುತ್ತಿತ್ತು. ನಿಮ್ಮ ಎರಡು ತಾಸಿನ ಬೆಲೆ ನನಗೆ ತಿಳಿದದ್ದು ಹೀಗೆ.

ಇನ್ನು ಬಾರದವರ ಮಾತು. ಸಿಟ್ಟು ಮಾಡಬ್ಯಾಡ್ರಿ. ಒಂದು ವರ್ಷ ಜಯಂತಿ ಮುಗಿದ ಮೇಲೆ ನಮ್ಮವರೇ ಕೆಲವರು ಸಮಾಜ ಮಂದಿರದೊಳಗೆ ಭಾನುವಾರದ ವರ್ಗ ಶುರು ಮಾಡಿದರು. ಮೊದಲ ವಾರ ಬ್ಯಾನರ್, ಫೋಟೋ, ಬಿಸ್ಕೀಟು. ಎರಡನೇ ವಾರ ಇಬ್ಬರು ಬಂದರು. ಮೂರನೇ ವಾರ ಯಾರೂ ಇಲ್ಲ, ಬಾಗಿಲಿಗೆ ಕೀಲಿ. ನನ್ನ ತಮ್ಮ ಮತ್ತೆರಡು ಭಾನುವಾರ ಪಾಟೀಚೀಲ ಹೊತ್ತು ಹೋಗಿ ಕಟ್ಟೆ ಮೇಲೆ ಕುಂತು ಬಂದ. ಆಮೇಲೆ "ಇವತ್ತ ಸರ್ ಬರತಾರೇನು?" ಅಂತ ಕೇಳೋದನ್ನೇ ಬಿಟ್ಟ. ವರ್ಗ ಶುರುವೇ ಆಗದಿದ್ದರೆ ಅವನಿಗೆ ಪಾಠ ಮಾತ್ರ ತಪ್ಪುತ್ತಿತ್ತು. ಶುರುವಾಗಿ ನಿಂತದ್ದರಿಂದ ನಂಬಿಕೆಯೂ ಹೋಯಿತು.

ಅದಕ್ಕೆ ನನ್ನ ಬೇಡಿಕೆ ಸಣ್ಣದು. ಪ್ರತಿ ವಾರ ಬರ್ರಿ ಅನ್ನೋದಿಲ್ಲ. ತಿಂಗಳಿಗೆ ಒಂದು ಭಾನುವಾರ, ಎರಡು ತಾಸು. ಒಬ್ಬರೇ ಬ್ಯಾಡ, ಇಬ್ಬಿಬ್ಬರು. ಒಬ್ಬರಿಗೆ ಅಡಚಣೆ ಬಂದರೆ ಇನ್ನೊಬ್ಬರು ಕೀಲಿ ತೆಗೆಯಲಿ. ಒಂದು ಕೀಲಿ ಹುಡುಗಿಯರ ಕೈಗೂ ಬರಲಿ. ಹುಡುಗಿಯರು ನೀರು ತಂದು ರೊಟ್ಟಿ ಬಡಿದು ಬರಬೇಕು, ಅದಕ್ಕೆ ವರ್ಗ ಮುಂಜಾನೆ ಎಂಟಕ್ಕೆ ಬ್ಯಾಡ, ಹನ್ನೊಂದಕ್ಕೆ ಇಡ್ರಿ.

ನಿಮಗೆ ಬರುವ ಕೆಲಸವನ್ನೇ ಕೊಡ್ರಿ. ನರ್ಸ್ ಆಗಿರುವ ಅಕ್ಕ ಅವ್ವಂದಿರ ಬಿ.ಪಿ. ನೋಡಲಿ, ಗುಳಿಗೆ ಯಾವಾಗ ತಗೋಬೇಕು ಅಂತ ತಿಳಿಸಲಿ. ಬ್ಯಾಂಕಿನವರು ಪಾಸ್‌ಬುಕ್ ಓದಲು ಕಲಿಸಲಿ. ವಾಯರಮನ್ ಅಣ್ಣ ಹುಡುಗರಿಗೆ ಕಸುಬು ತೋರಿಸಲಿ. ಕನ್ನಡ-ಮರಾಠಿ ಎರಡೂ ಬರೆಯಲು ಬರುವವರು ಹಳೆಯ ಶಾಲಾ ಉತಾರಗಳನ್ನು ಈಗಲೇ, ಮಕ್ಕಳು ಒಂಬತ್ತನೇ ಇಯತ್ತೆಯೊಳಗಿರುವಾಗಲೇ, ತೆಗೆಸಿ ಮರಾಠಿಗೆ ಮಾಡಿಸಿ ಇಡಲಿ.

ಒಂದು ಕೆಲಸ ಮಾತ್ರ ಬ್ಯಾಡ. ಬಿಳಿ ಅಂಗಿ ಹಾಕ್ಕೊಂಡು ಬಂದು ನಮ್ಮ ಗಟಾರ ಬಳಿಯೋದು ಸೇವೆ ಅಂತ ತಿಳೀಬ್ಯಾಡ್ರಿ. ಕಸಬರಿಗೆ ನಮ್ಮ ಕೈಗೆ ಹೊಸದಲ್ಲ, ತಲೆತಲಾಂತರದಿಂದ ಅದನ್ನೇ ಕೊಟ್ಟಾರ. ಗಟಾರ ಪಂಚಾಯತಿಯ ಕೆಲಸ. ಜನವರಿ 26ಕ್ಕೆ, ಆಗಸ್ಟ್ 15ಕ್ಕೆ ಗ್ರಾಮಸಭೆ ಕೂಡುತ್ತದೆ. ಅಲ್ಲಿ ನಮ್ಮ ಕಾಕಾಗಳು ಹಿಂದೆ ನಿಂತು ಸುಮ್ಮನೆ ಬರತಾರೆ. ಅರ್ಜಿ ಬರೆದುಕೊಡ್ರಿ, ಅವರ ಪಕ್ಕದಲ್ಲಿ ನಿಂತು ಕೇಳ್ರಿ. ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯ್ದೆ ಐತಿ. ಅದನ್ನ ಬಳಸೋದು ಕಲಿಸ್ರಿ. ನೀವು ಪುಣೆಗೆ ಹೋದ ಮೇಲೂ ಊರು ಕೇಳುವುದನ್ನು ಬಿಡಬಾರದು.

ಜಯಂತಿಗೆ ನೀವು ಪಟ್ಟಿ ಕೊಡತೀರಿ, ಅದಕ್ಕೆ ಋಣಿ. ಈ ಸ್ಮರಣ ಸಂಚಿಕೆಯೂ ನಿಮ್ಮ ಜಾಹೀರಾತಿನ ರೊಕ್ಕದಿಂದಲೇ ಬರುತ್ತದೆ. ಆದರೆ ರೊಕ್ಕಕ್ಕೆ ಕಟ್ಟೆ ಮೇಲೆ ಕುಂತ ಹುಡುಗನ ಪಕ್ಕ ಕೂತು ಓದಿಸಲು ಬರುವುದಿಲ್ಲ.

ಹೊರಗೆ ಮೇಜಿನ ಮೇಲೆ ಒಂದು ವಹಿ ಇಟ್ಟೀನಿ. ಹೆಸರು, ಯಾವ ಭಾನುವಾರ, ಏನು ಬರುತ್ತದೆ, ಮೂರೇ ಕಾಲಂ. ಮೊದಲ ಹೆಸರು ನಂದು: ತಿಂಗಳ ಮೊದಲ ಭಾನುವಾರ, ಮೂರನೇ ಇಯತ್ತೆಯ ಮಕ್ಕಳಿಗೆ ಕನ್ನಡ ಓದು. ನನ್ನ ಜೊತೆಗಾರರ ಜಾಗ ಇನ್ನೂ ಖಾಲಿ ಐತಿ. ಇದನ್ನು ಸಂಚಿಕೆಯಲ್ಲಿ ಓದುತ್ತಿರುವ ನಿಮಗೂ ಆ ವಹಿ ಸಂಘದ ಕೋಣೆಯಲ್ಲಿ ಸಿಗುತ್ತದೆ. ಬರಲು ಆಗುವುದಾದರೆ ಮಾತ್ರ ಬರೀರಿ. ಬರೆದರೆ ತಪ್ಪಬ್ಯಾಡ್ರಿ. ನನ್ನ ತಮ್ಮನನ್ನು ಇನ್ನೊಂದು ಸಲ ಕಾಯಿಸಲು ನನಗೆ ಮನಸ್ಸಿಲ್ಲ.

ಜೈ ಭೀಮ್.