ಹತ್ತನೇ ತರಗತಿಯ ಮಕ್ಕಳಿಗೆ ಒಂದೊಂದು ಫೋಟೋ

(ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಕಂಪ್ಯೂಟರಿನ ಬಗ್ಗೆ ನಾಲ್ಕು ಮಾತಾಡಪ್ಪ ಎಂದು ಮೇಷ್ಟ್ರು ಹೇಳಿದ್ದರು. ಅದನ್ನು ಹೇಳಲು ಇಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿದ್ದಾರೆ. ನಾನು ಮೂರು ವರ್ಷದಿಂದ ಭಾನುವಾರಗಳಲ್ಲಿ ಫೋಟೋ ತೆಗೆಯುವುದನ್ನು ಕಲಿಯುತ್ತಿದ್ದೇನೆ, ಇನ್ನೂ ಹೊಸಬನೇ. ಆದರೂ ಅದರ ಬಗ್ಗೆಯೇ ಮಾತಾಡುತ್ತೇನೆ. ಕಾರಣವಿದೆ.

ಈ ಸಂಚಿಕೆಗಾಗಿ ಹಳೆಯ ಫೋಟೋ ಹುಡುಕಿದಾಗ ಸಿಕ್ಕಿದ್ದು ಎರಡೇ ಬಗೆ. ಒಂದು, ಗ್ರೂಪ್ ಫೋಟೋ. ಅದರಲ್ಲಿ ನನ್ನ ಮುಖ ಕಡಲೆಕಾಳಿನಷ್ಟಿದೆ. ಇನ್ನೊಂದು, ಹಾಲ್ ಟಿಕೆಟ್ಟಿಗೆ ಅಂಟಿಸಿದ ಚಿಕ್ಕ ಫೋಟೋ. ನಮ್ಮ ಬ್ಯಾಚಿನ ಒಬ್ಬ ಗೆಳೆಯ ಈಗ ನಮ್ಮೊಡನಿಲ್ಲ. ಅವನ ಮನೆಯ ಗೋಡೆಯ ಮೇಲಿರುವುದು ಆ ಹಾಲ್ ಟಿಕೆಟ್ ಫೋಟೋವನ್ನೇ ದೊಡ್ಡದು ಮಾಡಿಸಿದ್ದು. ಮುಖವೆಲ್ಲ ಚುಕ್ಕೆ ಚುಕ್ಕೆಯಾಗಿದೆ. ಅವನು ನಗುವುದನ್ನು ನಾವೆಲ್ಲ ನೋಡಿದ್ದೇವೆ, ಆದರೆ ಆ ನಗು ಯಾವ ಕಾಗದದ ಮೇಲೂ ಇಲ್ಲ.

ಅಮೆರಿಕದಲ್ಲಿ ಹೈಸ್ಕೂಲಿನ ಕೊನೆಯ ವರ್ಷದ ಮಕ್ಕಳನ್ನು ‘ಸೀನಿಯರ್’ ಎನ್ನುತ್ತಾರೆ. ಶಾಲೆ ಬಿಡುವ ಮೊದಲು ಒಬ್ಬೊಬ್ಬರದೂ ಪ್ರತ್ಯೇಕ ಫೋಟೋ ತೆಗೆಸುವುದು ಅಲ್ಲಿ ದೊಡ್ಡ ರೂಢಿ. ಅದಕ್ಕೆಂದೇ ಪಾರ್ಕು, ಹೊಲದ ಬದಿ ಹುಡುಕಿಕೊಂಡು ಹೋಗುತ್ತಾರೆ, ಸಾಕಷ್ಟು ಖರ್ಚನ್ನೂ ಮಾಡುತ್ತಾರೆ. ನಮಗೆ ಆ ಖರ್ಚು ಬೇಡ. ಒಬ್ಬೊಬ್ಬರಿಗೆ ಒಂದೊಂದು ಫೋಟೋ ಎಂಬ ಮಾತು ಮಾತ್ರ ಬೇಕು. ಮೇಷ್ಟ್ರುಗಳ ಜೇಬಿನಲ್ಲಿರುವ ಮೊಬೈಲು ಇದಕ್ಕೆ ಧಾರಾಳ ಸಾಕು.

ಮೊದಲು ಬೆಳಕು. ನಮ್ಮ ಸೆಂಡಾಫ್ ಕಾರ್ಯಕ್ರಮ ಹತ್ತಕ್ಕೆಂದು ಅಚ್ಚಾಗಿರುತ್ತದೆ, ಅತಿಥಿಗಳು ಬರುವುದು ಹನ್ನೊಂದೂವರೆಗೆ. ಫೋಟೋ ಸರದಿ ಬರುವಾಗ ಸೂರ್ಯ ನೆತ್ತಿಯ ಹತ್ತಿರವಿರುತ್ತಾನೆ. ಆಗ ಹುಬ್ಬಿನ ಕೆಳಗೆ, ಮೂಗಿನ ಕೆಳಗೆ ಕಪ್ಪು ನೆರಳು ಬಿದ್ದು ಕಣ್ಣು ಎರಡು ಗುಳಿಗಳಂತೆ ಕಾಣುತ್ತದೆ. ಸೂರ್ಯನ ಕಡೆ ತಿರುಗಿ ನಿಂತರೆ ಮಗು ಕಣ್ಣು ಕಿವುಚುತ್ತದೆ. ಶಾಮಿಯಾನದ ಕೆಳಗೆ ಹೋಗೋಣವೆಂದರೆ ಕೆಂಪು ಹಳದಿ ಬಟ್ಟೆಯ ಬಣ್ಣವೇ ಎಲ್ಲರ ಮುಖಕ್ಕೂ ಬಳಿದುಕೊಳ್ಳುತ್ತದೆ.

ನಮ್ಮ ಶಾಲೆ ಪೂರ್ವಕ್ಕೆ ಮುಖ ಮಾಡಿದೆ. ಮಧ್ಯಾಹ್ನ ಮೂರರ ನಂತರ ಮುಂದಿನ ಜಗಲಿಗೆ ಬಿಸಿಲು ಬೀಳುವುದಿಲ್ಲ, ಆದರೆ ಎದುರಿಗೆ ಇಡೀ ಆಕಾಶ ತೆರೆದಿದೆ. ಆ ಆಕಾಶವೇ ನಮ್ಮ ಸ್ಟುಡಿಯೋ ಲೈಟು. ಮಗುವನ್ನು ಜಗಲಿಯ ಅಂಚಿನಲ್ಲಿ, ಮೈದಾನಕ್ಕೆ ಮುಖ ಮಾಡಿ ನಿಲ್ಲಿಸಿ. ತೆಗೆಯುವವರು ಮೈದಾನದಲ್ಲಿ ನಿಲ್ಲಿ. ಕಣ್ಣಿನಲ್ಲಿ ಒಂದು ಬಿಳಿ ಹೊಳಪು ಕಂಡಿತೆಂದರೆ ಜಾಗ ಸರಿಯಾಗಿದೆ. ಎರಡು ಹೆಜ್ಜೆ ಒಳಕ್ಕೆ ಸರಿದರೆ ಆ ಹೊಳಪು ಹೋಗುತ್ತದೆ, ಬೇಕಾದರೆ ಪರೀಕ್ಷಿಸಿ ನೋಡಿ. ಬೆಳಗ್ಗೆಯಾದರೆ ಕಟ್ಟಡದ ಹಿಂಭಾಗಕ್ಕೆ ಹೋಗಬೇಕು. ಹೊಂಗೆ ಮರದ ನೆರಳು ತಂಪೇನೋ ಹೌದು, ಆದರೆ ಎಲೆಗಳ ನಡುವಿನಿಂದ ಬಿಸಿಲಿನ ಚುಕ್ಕೆಗಳು ಮುಖದ ಮೇಲೆ ಬೀಳುತ್ತವೆ. ಅದು ಹೊಸಬರಿಗೆ ಕಷ್ಟದ ಜಾಗ.

ಒಂದು ಕಡೆಯ ಕೆನ್ನೆ ಕಪ್ಪಾಗಿ ಕಂಡರೆ, ಆ ಬದಿಯಲ್ಲಿ ಒಬ್ಬ ಹುಡುಗ ಬಿಳಿ ಥರ್ಮೋಕೋಲ್ ಹಾಳೆ ಹಿಡಿದು ನಿಲ್ಲಲಿ. ವಿಜ್ಞಾನ ಪ್ರದರ್ಶನದಲ್ಲಿ ಉಳಿದದ್ದೇ ಸಾಕು. ಅದರಿಂದ ಬೆಳಕು ಹೊರಳಿ ಕೆನ್ನೆಗೆ ಬೀಳುತ್ತದೆ.

ಇನ್ನು ಮೈಬಣ್ಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮ ಕಾಲದಲ್ಲಿ ಫೋಟೋ ದಿನ ಕಪ್ಪಗಿದ್ದ ಮಕ್ಕಳಿಗೆ ‘ಪೌಡರ್ ಹಚ್ಚಿಕೊಂಡು ಬಾ’ ಎನ್ನುತ್ತಿದ್ದರು. ಅವರಲ್ಲಿ ಕೆಲವರು ಫೋಟೋ ಅಂದರೆ ಹಿಂದಿನ ಸಾಲಿಗೆ ಸರಿಯುತ್ತಿದ್ದರು, ಈಗಲೂ ಸರಿಯುತ್ತಾರೆ. ತಪ್ಪು ಮಕ್ಕಳ ಮುಖದ್ದಲ್ಲ. ಮೊಬೈಲಿಗೆ ಎದುರಿಗಿರುವುದು ಯಾರೆಂದು ಗೊತ್ತಿಲ್ಲ. ಅದು ಚೌಕಟ್ಟಿನೊಳಗಿನ ಬೆಳಕನ್ನೆಲ್ಲ ಲೆಕ್ಕ ಹಾಕಿ ಒಂದು ನಡುಮಟ್ಟಕ್ಕೆ ತರಲು ನೋಡುತ್ತದೆ. ಬಿಳಿ ಅಂಗಿ, ಹಿಂದೆ ಬಿಳಿ ಆಕಾಶ ಇದ್ದರೆ ‘ಬೆಳಕು ಹೆಚ್ಚಾಯಿತು’ ಎಂದು ಎಲ್ಲವನ್ನೂ ಕಪ್ಪು ಮಾಡುತ್ತದೆ. ಆ ಭಾರವೆಲ್ಲ ಮುಖದ ಮೇಲೆ ಬೀಳುತ್ತದೆ. ಫಿಲಂ ಕಾಲದಲ್ಲೂ ಹೀಗೇ ಇತ್ತು. ಕೊಡ್ಯಾಕ್ ಕಂಪನಿ ಬಣ್ಣ ಸರಿಹೊಂದಿಸಲು ಲ್ಯಾಬುಗಳಿಗೆ ಕಳಿಸುತ್ತಿದ್ದ ಮಾದರಿ ಕಾರ್ಡಿಗೆ ‘ಶರ್ಲಿ’ ಎಂದು ಹೆಸರು. ಬಹಳ ಕಾಲ ಅದರಲ್ಲಿದ್ದದ್ದು ಬಿಳಿಯ ಹೆಂಗಸಿನ ಮುಖ. ಅಳತೆಗೋಲೇ ಬೇರೆಯವರದು!

ಪರಿಹಾರ ಸುಲಭ. ತೆರೆಯ ಮೇಲೆ ಮಗುವಿನ ಮುಖವನ್ನು ಬೆರಳಿನಿಂದ ಮುಟ್ಟಿ. ಹೆಚ್ಚಿನ ಮೊಬೈಲುಗಳಲ್ಲಿ ಪಕ್ಕದಲ್ಲೊಂದು ಪುಟ್ಟ ಸೂರ್ಯನ ಗುರುತು ಬರುತ್ತದೆ. ಅದನ್ನು ಮುಖ ಸ್ಪಷ್ಟವಾಗಿ ಕಾಣುವವರೆಗೆ ಮೇಲಕ್ಕೆ ಎಳೆಯಿರಿ. ಹಿನ್ನೆಲೆಯ ಆಕಾಶ ಬಿಳುಚಿದರೆ ಬಿಳುಚಲಿ, ಫೋಟೋ ಆಕಾಶದ್ದಲ್ಲ. ಹಿಂದೆ ಕತ್ತಲ ಕೋಣೆಯಿದ್ದರೆ ಲೆಕ್ಕ ತಿರುಗಾಮುರುಗಾ, ಆಗ ಸ್ವಲ್ಪ ಕೆಳಕ್ಕೆ ಎಳೆಯಬೇಕು. ‘ಬ್ಯೂಟಿ’ ಎಂಬ ಗುಂಡಿಯನ್ನು ಮಾತ್ರ ದಯವಿಟ್ಟು ಮುಚ್ಚಿ. ಅದು ಚರ್ಮವನ್ನು ಮೈದಾಹಿಟ್ಟಿನಂತೆ ಮಾಡುತ್ತದೆ.

ಮುಖಕ್ಕೆ ತೀರ ಹತ್ತಿರ ಹೋಗಬೇಡಿ, ಮೂಗು ದೊಡ್ಡದಾಗಿ ಕಾಣುತ್ತದೆ. ಏಳೆಂಟು ಅಡಿ ಹಿಂದೆ ಸರಿದು 2ಎಕ್ಸ್ ಒತ್ತಿ. ಮೊಬೈಲು ಮಗುವಿನ ಕಣ್ಣಿನ ಮಟ್ಟದಲ್ಲಿರಲಿ. ನಾವು ಎತ್ತರದವರಾದರೆ ಬಗ್ಗಬೇಕು, ಮಗುವನ್ನು ಬಗ್ಗಿಸಬಾರದು.

ನಿಲ್ಲಿಸುವುದು ಹೇಗೆ? ನಮ್ಮ ಮಕ್ಕಳು ಕ್ಯಾಮೆರಾ ಕಂಡ ಕೂಡಲೇ ಪ್ರಾರ್ಥನೆಯ ‘ಸಾವಧಾನ್’ ನಿಲ್ಲುತ್ತಾರೆ. ಮೈ ಸ್ವಲ್ಪ ಓರೆಯಾಗಲಿ, ಭಾರ ಒಂದು ಕಾಲಿನ ಮೇಲಿರಲಿ. ಕೈಗೆ ಕೆಲಸ ಕೊಡಿ: ಬ್ಯಾಗಿನ ಪಟ್ಟಿ, ಸೈಕಲ್ ಹ್ಯಾಂಡಲ್, ಜಗಲಿಯ ಕಂಬ. ಕಬಡ್ಡಿ ಆಡುವವಳು ಅಂಗಳದ ಗೆರೆಯ ಹತ್ತಿರ ನಿಲ್ಲಲಿ. ಕನ್ನಡಕವಿದ್ದರೆ ಗಲ್ಲ ತುಸು ಕೆಳಗಿಳಿಸಿದರೆ ಗಾಜಿನ ಹೊಳಪು ಹೋಗುತ್ತದೆ. ‘ನಗು, ನಗು’ ಎಂದು ಗದರಿಸಿದರೆ ಬರುವುದು ಹಲ್ಲು ಮಾತ್ರ. ‘ಏನವ್ವಾ, ನಿಮ್ಮನೆ ಎಮ್ಮೆ ಈಗ ಎಷ್ಟು ಹಾಲು ಕೊಡುತ್ತೆ?’ ಎಂದು ಕೇಳಿ. ಉತ್ತರ ಹೇಳಿ ಮುಗಿಸಿದ ಮರುಕ್ಷಣ ಒಂದು ಮುಖ ಬರುತ್ತದಲ್ಲ, ಅದನ್ನು ಹಿಡಿಯಿರಿ. ನಗದೆ ಗಂಭೀರವಾಗಿರುವ ಮಗುವಿದ್ದರೆ ಹಾಗೆಯೇ ಬಿಡಿ. ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ಒಮ್ಮೆ ನೋಡಿ. ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಂದು, ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡಿದ್ದವು. ಅವುಗಳಲ್ಲಿರುವುದು ಇಲ್ಲಿಯಂಥವೇ ಮುಖಗಳು, ಇದ್ದ ಬೆಳಕಿನಲ್ಲೇ ತೆಗೆದವು.

ಒಂದು ಎಚ್ಚರಿಕೆಯ ಮಾತು. ಈ ಫೋಟೋ ಮಗುವಿನದು, ಅದರ ಮನೆಯವರದು. ತಂದೆ ತಾಯಿಯನ್ನು ಕೇಳಿಯೇ ತೆಗೆಯಬೇಕು. ಯಾರ ಸ್ಟೇಟಸ್‌ಗೂ, ಯಾವ ಗ್ರೂಪಿಗೂ ಹೋಗಬಾರದು. ಹೆಣ್ಣುಮಕ್ಕಳ ಫೋಟೋ ತೆಗೆಯುವಾಗ ಮೇಡಂ ಒಬ್ಬರು ಪಕ್ಕದಲ್ಲಿರಲಿ. ಬೇಡ ಎನ್ನುವ ಮಗುವನ್ನು ಒತ್ತಾಯಿಸುವುದು ಬೇಡ. ಪ್ರಿಂಟು ಹಾಕಿಸಿ ಕೈಗೇ ಕೊಡಬೇಕು. ಮೊಬೈಲಿನಲ್ಲಿ ಉಳಿದದ್ದು ಮೊಬೈಲು ಕೆಟ್ಟ ದಿನ ಹೋಗುತ್ತದೆ. ಹಿಂದುಗಡೆ ಪೆನ್ಸಿಲಿನಲ್ಲಿ ಹೆಸರು, ಇಸವಿ ಬರೆದಿರಲಿ.

ಈ ವರ್ಷದ ಹತ್ತನೇ ತರಗತಿಯ ಪ್ರಿಂಟಿನ ಖರ್ಚನ್ನು ನಮ್ಮ ಬ್ಯಾಚಿನವರು ಒಪ್ಪಿಕೊಂಡಿದ್ದೇವೆ. ಒಂಬತ್ತನೆಯವರಲ್ಲಿ ಕಲಿಯಲು ಮನಸ್ಸಿದ್ದ ನಾಲ್ಕು ಜನರನ್ನು ಮುಖ್ಯ ಶಿಕ್ಷಕರು ಆರಿಸಿಕೊಟ್ಟರೆ, ಮುಂದಿನ ವರ್ಷ ತೆಗೆಯುವವರು ಅವರೇ. ಬರುವ ಶನಿವಾರ ಬೆಳಗಿನ ಶಾಲೆ. ತರಗತಿ ಬಿಟ್ಟ ಮೇಲೆ ಊಟ ಮುಗಿಸಿ, ಮೂರು ಗಂಟೆಗೆ ಮುಂದಿನ ಜಗಲಿಗೆ ಬನ್ನಿ. ಥರ್ಮೋಕೋಲ್ ನಾನು ತರುತ್ತೇನೆ.